ರಾಕೆಟ್ಟಿನ ಕಣ್ಣಿಗೆ ಈಬತ್ತಿ

ಶಂಶಾಬಾದ್
೧೨ ಆಗಸ್ಟ್ ೨೦೨೪, ಶ್ರಾವಣ ಸೋಮವಾರ

ಚನ್ನು, ನನ್ನಪ್ಪಾ,

ಮುಂಜಾನೆ ಪೂಜಿ ಮುಗಿಸಿ, ನಿನ್ನ ಹೆಸರಿಲೆ ಒಂದು ಬಿಲ್ವಪತ್ರಿ ಹೆಚ್ಚಿಗಿ ಏರಿಸಿ ಬರಿಯಾಕ ಕುಂತೀನಿ. ಕಂಪನಿಯವರು ನಿನ್ನೆ ಆಯತವಾರ ಕೆಲಸಕ್ಕ ಕರೆದು ಇಂದು ರಜಾ ಕೊಟ್ಟಾರ. ಶ್ರಾವಣ ಸೋಮವಾರ, ರಜಾ, ಎರಡೂ ದೇವರೇ ಕೂಡಿಸಿ ಕೊಟ್ಟಂಗಾತು.

ಮಿಲಿಟ್ರಿಯವರು ನಿನ್ನ ಹೊಸ ಜಾಗಾಕ್ಕ ಹಾಕಿದ ಮ್ಯಾಲೆ ಫೋನು ಬಂದ್ ಆತು. ಅಲ್ಲಿ ಫೋನು ಬಾಗಿಲದಾಗೇ ಇಸಗೋತಾರ, ಕಾಗದ ಬರಿ ಅಂದಿ. ನಿಮ್ಮಪ್ಪ ನಕ್ಕ. ಹೆಲಿಕಾಪ್ಟರ್ ಇಟಗೊಂಡ ಮಂದಿಗೂ ಪೋಸ್ಟ್‌ಮ್ಯಾನ್ ಬೇಕಾದನೇನು ಅಂದ. ನನಗೇನು ಬ್ಯಾಸರಿಲ್ಲ. ಊರ ಸಾಲ್ಯಾಗ ಏಳನೇತ್ತಾ ತನಕ ಕಲಿತ ಅಕ್ಷರ ಕಿರಾಣಿ ಚೀಟಿಗೆ ಅಷ್ಟೇ ಬಳಕಿ ಆಗಾಕತ್ತಿದ್ದವು. ಈಗ ಮಗನಿಗೆ ಬಂದವು.

ನಾವಿರೂದು ಅದೇ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಬಾಜೂದ ಖೋಲಿ. ನಿಮ್ಮಪ್ಪ ಗೇಟ್ ಕಾಯ್ಕೊಂಡು ಆರಾಮ ಅದಾನ. ಹೈದರಾಬಾದಿನ ವಿಮಾನ ತಲಿ ಮ್ಯಾಲೆ ಹೋದಾಗ ಮಾತು ನಿಲ್ಲಸ್ತೀವಿ, ಹೋದ ಮ್ಯಾಲೆ ಮುಂದುವರಸ್ತೀವಿ. ಜಗಳಾನೂ ಹಂಗೇ ತುಂಡು ತುಂಡು ಆಡ್ತೀವಿ.

ಕಂಪನ್ಯಾಗ ನನ್ನ ಕೆಲಸ ಏನಂತ ಮತ್ತ ಕೇಳಿದ್ದಿ. ಗಾಜು ಒರಸೂದು. ಕುಂತು ಮಾಡೂದು, ನೆರಳಿನ್ಯಾಗ, ಕರಕೊಂಡು ಹೋಗಾಕ ಕಂಪನಿ ಬಸ್ಸು ಬರತೈತಿ. ಅಷ್ಟು ತಿಳಕೊಂಡ್ರ ಸಾಕು.

ಮಡಚಿದ ಪೇಪರಿನ್ಯಾಗ ಈಬತ್ತಿ ಇಟ್ಟೀನಿ. ನಮ್ಮ ಮನಿದೇವರು ಗೊಲ್ಲಾಳಲಿಂಗನ ಗುಡೀದು. ಜಳಕಾ ಮಾಡಿ ಹಣಿಗೆ ಹಚ್ಚಿಕೊಂಡೇ ಕೆಲಸಕ್ಕ ಹೋಗು. ಈಬತ್ತಿ ಇದ್ದಲ್ಲಿ ಕೇಡು ಸುಳಿಯೂದಿಲ್ಲ.

ನಿನ್ನ ಅವ್ವ,
ಪಾರ್ವತೆಮ್ಮ

•

೨ ಸೆಪ್ಟೆಂಬರ್ ೨೦೨೪

ಅವ್ವಾ,

ನಿನ್ನ ಪತ್ರ ಮುಟ್ಟಿತು. ಪುಡಿಕೆ ಬಿಚ್ಚಿಕೊಂಡು ಈಬತ್ತಿ ಲಕೋಟೆ ತುಂಬ ಚೆಲ್ಲಿತ್ತು. ಕೊಡವಿ ಕೊಡವಿ ಓದಿದೆ. ಉಳಿದದ್ದನ್ನು ಖಾಲಿ ಆಗಿದ್ದ ಬೂಟ್ ಪಾಲಿಶ್ ಡಬ್ಬಿ ತೊಳೆದು ಅದರೊಳಗ ತುಂಬಿ ಇಟ್ಟೀನಿ. ಬೈಬ್ಯಾಡ, ಚೆನ್ನಾಗಿ ತೊಳದೀನಿ.

ಇಲ್ಲಿ ಎತ್ತ ನೋಡಿದ್ರೂ ಮಳಲು. ಊರಿನ ಹೆಸರು ಬರಿಯುವಂಗಿಲ್ಲ. ನನ್ನ ಕೆಲಸ ನಿನಗ ಗೊತ್ತಿದ್ದದ್ದೇ, ಹೆಲಿಕಾಪ್ಟರಿಗೆ ಸಾಮಾನು ಏರಿಸೋದು, ಇಳಿಸೋದು. ಹಾರಿಸೋರು ಬ್ಯಾರೆ, ಬಿಡೋರು ಬ್ಯಾರೆ. ನನ್ನ ಮೇಲಿನವರು ಸುಶಾಂತ ಸರ್ ಅಂತ, ಒಡಿಶಾದವರು. ನನ್ನ ಹಣೆ ಮೇಲಿನ ವಿಭೂತಿ ನೋಡಿ, "ಬಾರೋ ಪಂಡಿತಾ, ಈ ಹೆಲಿಕಾಪ್ಟರಿಗೂ ಒಂದು ಮುಹೂರ್ತ ನೋಡು" ಅಂತ ಚ್ಯಾಷ್ಟಿ ಮಾಡತಾರ. ಮನುಷ್ಯ ಒಳ್ಳೆಯವರು.

ಗಾಜು ಒರೆಸೋ ಕೆಲಸ ಅಂದಿ. ಅದನ್ನ ಓದಿ ನನಗ ಊಟ ಸೇರಲಿಲ್ಲ. ಕೊಂಡಾಪುರದ ದೊಡ್ಡ ದೊಡ್ಡ ಆಫೀಸಿನ್ಯಾಗ ಬಕೆಟ್ ಹಿಡಕೊಂಡು ಗಾಜಿನ ಬಾಗಿಲು ಒರೆಸೋ ಹೆಣ್ಣುಮಕ್ಕಳನ್ನ ನಾನು ನೋಡೀನಿ. ಅಲ್ಲಿ ನನ್ನ ವಯಸ್ಸಿನ ಹುಡುಗರು ಅವರ ಮುಖಾನೂ ನೋಡದ ಒರೆಸಿದ ಜಾಗಾದಾಗೇ ಕೈ ಇಟ್ಟು ಹೋಗತಾರ. ನನ್ನ ಪಗಾರ ಬರತೈತಲ್ಲ. ಬಿಟ್ಟುಬಿಡು ಅವ್ವಾ.

ಇನ್ನೊಂದು. ನಾನು ಇಲ್ಲಿಗೆ ಬರೋ ಮೊದಲು ಮಾವನ ಮಗ ಬಸು ಫೋನ್ ಮಾಡಿದ್ದ. ಸಂಜೀಕ ನೀ ಬಸ್ ಇಳಿಯೋದನ್ನ ನೋಡಿದನಂತ. ಅತ್ತಿ ಹಣಿ ಬೋಳ ಇತ್ತು, ಈಬತ್ತಿ ಇಲ್ಲ, ಕುಂಕುಮಾನೂ ಇಲ್ಲ ಅಂದ. ಅಪ್ಪ ನಕ್ಕ ಅಂತ ನೀ ಬರೆದದ್ದು ಓದಿ ಜೀವ ಬಂತು. ಇಲ್ಲಂದ್ರ ನನ್ನ ತಲೆಯಾಗ ಏನೇನೋ ಬಂದಿತ್ತು. ಆದ್ರ ಮತ್ತ ಯಾಕ ಹಂಗ? ಈಬತ್ತಿ ಇಲ್ಲದ ನೀ ಹೊರಗ ಹೋದದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ.

ಚನ್ನು

•

ಶಂಶಾಬಾದ್
೧೯ ಸೆಪ್ಟೆಂಬರ್ ೨೦೨೪

ಚನ್ನು,

ನಿನ್ನ ಕಾಗದ ನಿಮ್ಮಪ್ಪಗ ಓದಿ ಹೇಳಿದೆ. ನಿಮ್ಮಪ್ಪ ಗೊಲ್ಲಾಳಪ್ಪ ಇನ್ನೂ ಗಟ್ಟಿ ಅದಾನ, ಹೆಂಡತಿ ಕೈಯಾಗಿನ ಕಟಕ ರೊಟ್ಟಿ ಕಡದು ಹಲ್ಲು ಒಂದು ಸಡ್ಲ ಆಗೇತಿ, ಅಷ್ಟು ಬಿಟ್ರ ಏನೂ ಆಗಿಲ್ಲ ಅಂತ ಬರಿ ಅಂದ. ಬರದೀನಿ.

ಬಸುಗ ಏನು ಕೆಲಸ ಇಲ್ಲ? ಏರ್‌ಪೋರ್ಟಿನ್ಯಾಗ ಮಂದಿ ಗಂಟು ಎಣಿಸೂದು ಬಿಟ್ಟು ಬಸ್ ಸ್ಟಾಪಿನ್ಯಾಗ ಹೆಂಗಸರ ಹಣಿ ನೋಡ್ಕೋತ ನಿಂದರತಾನೇನು? ಸೆಕಿ ಇತ್ತು, ಬೆವರಿಗೆ ಅಳಿಸಿರಬೇಕು. ಅದನ್ನ ದೊಡ್ಡದು ಮಾಡಬ್ಯಾಡ.

ಕೆಲಸ ಬಿಡು ಅಂದಿ. ಬಿಡೂದಿಲ್ಲ. ಅಲ್ಲಿ ನನಗ ಯಾರೂ ತಾತ್ಸಾರ ಮಾಡೂದಿಲ್ಲ. ಗಾಜು ಒರಸೋ ಹೆಣ್ಣುಮಕ್ಕಳ ನಮ್ಮ ಸಾಲು ನೋಡಿಕೊಳ್ಳಾಕಿ ಸಂಪದಾ ಅಂತ, ಜಹೀರಾಬಾದ್ ಕಡೀ ಹುಡುಗಿ. ಮನ್ಯಾಗ ಮೊಲಿ ಕುಡಿಯೋ ಕೂಸು ಬಿಟ್ಟು ಬರತಾಳ. ನನಗ ಅವ್ವಾ ಅಂತಾಳ. ನನ್ನ ಸಲುವಾಗಿ ಆಕಿ ದೊಡ್ಡವರ ಜೋಡಿ ಒಂದು ಮಾತಿಗೆ ಜಗಳಾನೂ ಆಡ್ಯಾಳ. ಅದು ಏನಂತ ಒಂದಿನ ಹೇಳೇನು. ಈಗ ಆಗೂದಿಲ್ಲ, ಒಳಗಿನ ಮಾತು ಹೊರಗ ಹೇಳಬಾರದಂತ ಎಲ್ಲಾರ ಕಡಿಂದ ಸಹಿ ಹಾಕಿಸಿಕೊಂಡಾರ. ನೀನೂ ನಿನ್ನ ಕೆಲಸದ ಮಾತು ನನಗ ಪೂರ್ತಿ ಹೇಳೂದಿಲ್ಲ. ಹಂಗಂತ ತಿಳಕೋ.

ಈಬತ್ತಿ ಈ ಸಲ ಎರಡು ಪದರಿನ್ಯಾಗ ಕಟ್ಟೀನಿ, ಚೆಲ್ಲೂದಿಲ್ಲ.

ಅವ್ವ

•

೧೪ ಅಕ್ಟೋಬರ್ ೨೦೨೪

ಅವ್ವಾ,

ಮಹಾನವಮಿ ಚೆನ್ನಾಗಾತು. ಇಲ್ಲಿ ದೇಶದ ಎಲ್ಲಾ ಕಡೆ ಮಂದಿ ಅದಾರ, ಆದ್ರ ಆಯುಧಪೂಜಿ ಅಂದ್ರ ಎಲ್ಲಾರೂ ಒಂದೇ. ಗಾಡಿ, ಪಾನಾ, ಸ್ಕ್ರೂಡ್ರೈವರ್, ಹೆಲಿಕಾಪ್ಟರ್, ಎಲ್ಲಾ ತೊಳೆದು ಹೂವು ಏರಿಸಿದ್ವಿ. ಈಬತ್ತಿ ಯಾರ ಹತ್ರ ಐತಿ ಅಂದ್ರು. ನನ್ನ ಪಾಲಿಶ್ ಡಬ್ಬಿ ಹೊರಗ ಬಂತು. ಸುಶಾಂತ ಸರ್ ನಕ್ಕೋತ ತಮ್ಮ ಹಣೆಗೂ ಹಚ್ಚಿಸಿಕೊಂಡರು.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೀನಿ. ಸಾಮಾನು ಏರಿಸೋ ಮೊದಲು ಅದರ ಹಣೆಗೆ ನಿನ್ನ ಈಬತ್ತಿ ಒಂದು ಬೊಟ್ಟು ಹಚ್ಚತೀನಿ. ಇಲ್ಲಿ ತನಕ ಎಲ್ಲಾ ಸುಸೂತ್ರ ಆಗೇತಿ. ಇವೆಲ್ಲ ಹಳೇ ಕಾಲದ ಸಾಮಾನು. ಚಳಿಗಾಲದಾಗ ಹೊಸಾ ನಮೂನಿದು ಬರೋದೈತಿ, ದೊಡ್ಡ ದೊಡ್ಡ ಸಾಹೇಬರು ನೋಡಾಕ ಬರತಾರ. ಮೊದಲನೇದು ಏರಿಸೋ ಕೆಲಸ ನನಗೇ ಕೊಟ್ಟಾರ. ಅದು ಚೆನ್ನಾಗಿ ಆದ್ರ ಮುಂದಿನ ವರ್ಷ ನನಗ ಬಡ್ತಿ ಅಂತ ಸುಶಾಂತ ಸರ್ ಹೇಳತಾರ. ಡಬ್ಬಿ ತಳ ಕಾಣಾಕತ್ತೈತಿ. ಇನ್ನಷ್ಟು ಕಳಿಸು.

ಹಣಿ ವಿಷಯ ನೀ ಹಾರಿಸಿ ಬರೆದಿ. ಬೆವರಿಗೆ ಈಬತ್ತಿ ಹೋಗಬಹುದು. ನೀ ಹಚ್ಚೋ ಕುಂಕುಮ ಹೋಗಾಂಗಿಲ್ಲ. ಕೇಳೋದು ಬಿಟ್ಟೀನಿ.

ಚನ್ನು

•

ಶಂಶಾಬಾದ್
೬ ನವೆಂಬರ್ ೨೦೨೪

ನನ್ನ ಬಂಗಾರಾ,

ಸಾಮಾನಿನ ಹಣಿಗೆ ಈಬತ್ತಿ ಹಚ್ಚತೀನಿ ಅಂತ ನೀ ಬರದದ್ದು ಓದಿ ನನ್ನ ಹೊಟ್ಟಿ ತಣ್ಣಗಾತು. ನಿಮ್ಮಪ್ಪಗ ಮತ್ತ ಮತ್ತ ಓದಿ ಹೇಳಿದೆ. ಸಾಕು ಬಿಡ, ಬಾಯಿಪಾಠ ಆತು ಅಂದ.

ದೀಪಾವಳಿಗೆ ಕಂಪನಿಯವರು ಸಿಹಿ ಡಬ್ಬಿ ಕೊಟ್ರು. ಇಂಜಿನಿಯರ್ ಸೂರ್ಯನಾರಾಯಣ ಸಾರ್ ತಾವೇ ನಮ್ಮ ಸಾಲಿಗೆ ಬಂದು ಹಂಚಿದ್ರು. ಹಂಚಿ ತೆಲುಗಿನ್ಯಾಗ ನಾಕು ಮಾತು ಹೇಳಿದ್ರು. ಪರದೇಶದವರು ಮಾಡೋ ಸಾಮಾನು ಭಾಳ ತುಟ್ಟಿ, ಒಂದು ಖರ್ಚು ಮಾಡಬೇಕಂದ್ರ ದೊಡ್ಡವರು ಕುಂತು ವಿಚಾರ ಮಾಡಬೇಕಾಗತೈತಿ, ನಮ್ಮದು ಚವಕ, ಬೇಕಾದಷ್ಟು ಖರ್ಚು ಮಾಡಬಹುದು ಅಂದ್ರು. ಚವಕ ಅಂದ್ರ ನಮ್ಮ ಕಡೆ ಸೋವಿ. ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ಬಸ್ಸಿನ್ಯಾಗ ಬರೂಮುಂದ ಮಾತ್ರ ಅದೇ ಮಾತು ತಲ್ಯಾಗ ಕುಂತು ಕೊರಿಯಾಕತ್ತು. ತುಟ್ಟಿ ಇದ್ರ ಕುಂತು ವಿಚಾರ ಮಾಡ್ತಾರ. ಸೋವಿ ಆದ ಮ್ಯಾಲೆ ಯಾರು ಕುಂದರತಾರ? ನಾವು ಮಾಡೋ ಸಾಮಾನು ಯಾವುದಂತ ಕೇಳಬ್ಯಾಡ. ನಾ ಒರಸೂದು ನೀ ತಿಳಕೊಂಡಂಗ ಬಾಗಿಲದ ಗಾಜಲ್ಲ, ಮುಷ್ಟ್ಯಾಗ ಹಿಡಿಯೋವಷ್ಟು ಸಣ್ಣ ಗಾಜು. ಅದಕ್ಕ ನಾವು ಕಣ್ಣು ಅಂತೀವಿ. ಕಣ್ಣು ಚೊಕ್ಕ ಇದ್ರ ಬ್ಯಾರೆಯವರಿಗೆ ತೊಂದ್ರಿ ಇಲ್ಲ ಅಂತ ಸಂಪದಾ ಹೇಳ್ತಾಳ. ಅದೊಂದು ಮಾತು ಹಿಡಕೊಂಡು ಒರಸ್ತೀನಿ.

ಊರಿಗೆ ಹೋದವರ ಕೈಲೆ ಹೊಸಾ ಈಬತ್ತಿ ಗಟ್ಟಿ ತರಿಸಿ, ಕುಟ್ಟಿ, ಅರಿವ್ಯಾಗ ಸೋಸಿ ವಸ್ತ್ರಗಾಳ ಹಿಡದು ದೊಡ್ಡ ಪುಡಿಕೆ ಕಟ್ಟೀನಿ. ಹೊಸಾ ಸಾಮಾನು ಬರೂದೈತಿ ಅಂದ್ಯಲ್ಲ, ಮೊದಲನೇದರ ಹಣಿಗೆ ನೀನೇ ಕೈಯಾರೆ ಹಚ್ಚು. ಮರೀಬ್ಯಾಡ. ನನ್ನ ಕೈಲೆ ಆಗದ್ದು ನಿನ್ನ ಕೈಲೆ ಆಗಲಿ.

ಅವ್ವ

•

೧೧ ಜನವರಿ ೨೦೨೫

ಅವ್ವಾ,

ನಾನು ಆರಾಮ ಅದೀನಿ. ನೀ ಸಂಕ್ರಾಂತಿಗೆ ಎಳ್ಳು ಕಳಿಸೋದು ಬ್ಯಾಡ. ಈಬತ್ತಿನೂ ಇನ್ನು ಕಳಿಸಬ್ಯಾಡ.

ಬಡ್ತಿ ವಿಷಯ ಅಪ್ಪಗ ಹೇಳಿದ್ರ, ಆಗಲಿಲ್ಲ ಅಂತ ಹೇಳಿಬಿಡು. ಕೆಲಸ ಭಾಳ ಐತಿ. ಯಾಕ ಅಂತ ಕೇಳಬ್ಯಾಡ.

ಚನ್ನು

•

ಶಂಶಾಬಾದ್
೩೦ ಜನವರಿ ೨೦೨೫

ಚನ್ನು,

ಎರಡು ತಿಂಗಳು ದಾರಿ ನೋಡಿದ ಮ್ಯಾಲೆ ಅಂಗೈಯಷ್ಟು ಕಾಗದ ಬಂತು. ಈಬತ್ತಿ ಬ್ಯಾಡ ಅಂದಿ. ಅದು ನಿನ್ನ ಮಾತಲ್ಲ. ಯಾರೋ ನಕ್ಕಿರಬೇಕು. ಆ ಒಡಿಶಾದವರು ಪಂಡಿತಾ ಪಂಡಿತಾ ಅಂತ ಆಡಿಸಿ ಆಡಿಸಿ ನಿನಗ ನಾಚಿಕಿ ಹುಟ್ಟಿಸ್ಯಾರ. ದೊಡ್ಡ ಸಾಹೇಬರ ಮುಂದ ಹಣಿ ಬಿಳೇದು ಮಾಡಿಕೊಂಡು ನಿಲ್ಲಾಕ ಕೀಳ ಅನ್ನಿಸಿತೇನು? ಕಾಗದ ಓದಿ ಒಂದು ಹೊತ್ತು ಉಣ್ಣಲಿಲ್ಲ. ನಿಮ್ಮಪ್ಪ, ಮಗ ದೊಡ್ಡವ ಆಗ್ಯಾನ, ಬಿಡು ಅಂದ.

ಆದ್ರ ನಿನಗ ಬೈಯಾಕ ನನಗೇನು ಹಕ್ಕೈತಿ. ಇವತ್ತು ಹೇಳೇ ಬಿಡ್ತೀನಿ, ಸಹಿ ಗಿಹಿ ಹಾಳಾಗಲಿ, ಕೆಲಸಾನೇ ಹೋದ ಮ್ಯಾಲೆ ಸಹಿದೇನು. ಬಸು ನೋಡಿದ್ದು ಖರೇ. ಎರಡು ವರ್ಷ ದಿನಾ ಮುಂಜಾನೆ ಪೂಜಿ ಮಾಡಿ, ಈಬತ್ತಿ ಕುಂಕುಮ ಹಚ್ಚಿಕೊಂಡು ಬಸ್ ಹತ್ತತಿದ್ದೆ. ಕಂಪನಿ ಬಾಗಿಲದಾಗ ಒಂದು ನಳ ಐತಿ. ಅಲ್ಲಿ ಸಾಬಾಣ ಹಚ್ಚಿ ಹಣಿ ತಿಕ್ಕಿ ತೊಳಕೊಂಡು, ಬಿಳಿ ಅಂಗಿ, ಟೊಪಗಿ ಹಾಕ್ಕೊಂಡು ಒಳಗ ಹೋಗಬೇಕು. ಒಂದು ಕಣ ಈಬತ್ತಿ ಆ ಗಾಜಿನ ಮ್ಯಾಲೆ ಬಿದ್ರ ಅದು ಕುರುಡ ಆಗತೈತಿ. ನಾವು ಮಾಡೂದು ರಾಕೆಟ್ಟಿನ ಕಣ್ಣು. ಹೆಲಿಕಾಪ್ಟರದಿಂದ ಬಿಡೋ ರಾಕೆಟ್, ಬಿಟ್ಟ ಮ್ಯಾಲೆ ತಾನೇ ನೋಡಿಕೊಂತ ಹೋಗೂವಂಥಾದ್ದು. ಮೊದಲನೇ ದಿನ ಕೊರಳಾಗಿನ ಲಿಂಗಾನೂ ತಗದಿಡು ಅಂದ್ರು. ನಾ ಹಂಗೇ ಹೊಳ್ಳಿ ಮನಿಗೆ ಹೊಂಟಿದ್ದೆ. ಸಂಪದಾ ಅಡ್ಡ ಬಂದಳು. ಲಿಂಗ ಅಂಗಿ ಒಳಗ ಇರತೈತಿ, ಅದರಿಂದ ಧೂಳ ಬೀಳೂದಿಲ್ಲ, ನಾ ಹೊಣಿ ಅಂತ ದೊಡ್ಡವರ ಜೋಡಿ ವಾದ ಮಾಡಿ ಉಳಿಸಿಕೊಟ್ಟಳು. ಲಿಂಗ ಉಳೀತು, ಹಣಿ ಹೋತು. ಇದನ್ನ ನಿನಗ ಹೆಂಗ ಬರೀಲಿ? ಈಬತ್ತಿ ಇಲ್ಲದ ಹೊಸ್ತಿಲ ದಾಟಬ್ಯಾಡ ಅಂತ ನಿನಗ ಬಡದು ಬಡದು ಹೇಳಿದಾಕಿ ನಾ.

ಈಗ ಕೇಳು. ಡಿಸೆಂಬರದಾಗ ಎಲ್ಲೋ ದೂರ ಅವನ್ನ ಬಿಟ್ಟು ನೋಡ್ಯಾರ. ಒಂದು ದಾರಿ ತಪ್ಪಿ ಎಲ್ಲೋ ಹೋಗಿ ಬಿತ್ತಂತ. ಮುರುಕಿನ್ಯಾಗ ಗಾಜಿನ ಚೂರು ಸಿಕ್ಕೈತಿ, ಅದರ ಮ್ಯಾಲೆ ಬಿಳೇ ಪುಡಿ ಐತಿ. ಗಾಜು ತಿಕ್ಕೂ ಪುಡಿನೂ ಬಿಳೇದೇ ಇರತೈತಿ. ಹೆಂಗಸರು ಸರಿಯಾಗಿ ಒರಸಿಲ್ಲ ಅಂತ ತೀರ್ಮಾನ ಮಾಡ್ಯಾರ. ಸಂಕ್ರಾಂತಿ ಮರುದಿನ ನಮ್ಮ ಸಾಲಿಗೆ ಸಾಲೇ ಹೊರಗ. ಸಂಪದಾನ್ನ ಸೂರ್ಯನಾರಾಯಣ ಸಾರ್ ಎಲ್ಲಾರ ಮುಂದ ನಿಲ್ಲಿಸಿ ಕೇಳಿದ್ರು. ಇನ್ನ ಯಾವ ಕಂಪನಿಯವರೂ ಆಕಿನ್ನ ತಗೋಳೂದಿಲ್ಲ.

ಹಣಿ ತೊಳಕೊಂಡು ಒಳಗ ಹೋದವರು ನಾವು. ನಾವು ಬಿಡಲಿಲ್ಲ ಆ ಪುಡಿ. ಕಂಪನಿ ಬಾಗಿಲ ದಾಟಿದ ಮ್ಯಾಲೆ, ಅಲ್ಲಿ ಯಾವನೋ ಕಣ್ಣು ಮುಟ್ಯಾನ. ಮುಟ್ಟಿ ಬಾಯಿ ಮುಚ್ಚಿಕೊಂಡು ಕುಂತಾನ. ಸೋಮವಾರ ಪೂಜ್ಯಾಗ ಕುಂತು ಹೇಳೀನಿ, ಯಾವನ ಕೈಲೆ ಇದು ಆಗೇತಿ ಅವನ ಕೈ ಸೇದಿ ಹೋಗಲಿ ಅಂತ.

ಈಬತ್ತಿ ಇಟ್ಟೀನಿ. ನೀ ಬ್ಯಾಡ ಅಂದ್ರೂ ಇಟ್ಟೀನಿ.

ಅವ್ವ

•

೧೫ ಫೆಬ್ರುವರಿ ೨೦೨೫

ಅವ್ವಾ,

ಆ ಕೈ ನಂದು.

ಈ ಪತ್ರ ರಜೆಗೆ ಹೊರಟ ಗೆಳೆಯನ ಕೈಯಾಗ ಕೊಟ್ಟೀನಿ, ಹೊರಗಿನ ಡಬ್ಬಿಗೆ ಹಾಕತಾನ. ಅಪ್ಪಗ ಓದಿ ಹೇಳಬೇಕೋ ಬ್ಯಾಡೋ ನೀನೇ ನೋಡು.

ನೀ ನಮ್ಮ ಸಾಮಾನು ಅಂತ ಬರಿತಿದ್ದಿ, ನಾನೂ ನಮ್ಮ ಸಾಮಾನು ಅಂತ ಬರಿತಿದ್ದೆ. ಎರಡೂ ಒಂದೇ ಆಗಿತ್ತು ಅವ್ವಾ. ಹೈದರಾಬಾದಿನ ಯಾವುದೋ ಕಂಪನೀದು ಅಂತ ಅಷ್ಟೇ ನಮಗ ಗೊತ್ತಿತ್ತು. ನೀ ಸಣ್ಣ ಗಾಜು, ಕಣ್ಣು ಅಂತ ಬರೆದಾಗ ನಾನು ಕ್ಯಾಮೆರಾ ಇರಬೇಕು ಅಂತ ತಿಳಿದೆ. ಬಕೆಟ್ ಹಿಡಿಯೋ ಕೆಲಸ ಅಲ್ಲಲ್ಲ ಅಂತ ಖುಷಿ ಪಟ್ಟಿದ್ದೆ.

ಹಳೇ ರಾಕೆಟ್ಟಿಗೆ ಕಣ್ಣಿಲ್ಲ. ಅದರ ಮೂತಿ ಕಬ್ಬಿಣದ್ದು, ಈಬತ್ತಿ ಹಚ್ಚಿದ್ರೂ ಅಷ್ಟೇ, ಬಿಟ್ಟರೂ ಅಷ್ಟೇ, ಬಿಟ್ಟ ಕಡೆ ನೆಟ್ಟಗ ಹೋಗತೈತಿ. ಹೊಸಾದ್ದರ ಮುಂದ ಗಾಜು. ಗುರಿ ಮೇಲೆ ಯಾರೋ ದೂರದಿಂದ ಒಂದು ಬೆಳಕು ಬಿಟ್ಟಿರತಾರ, ಕಣ್ಣಿಗೆ ಕಾಣದ ಬೆಳಕು, ಅದನ್ನ ನೋಡಿಕೊಂತ ಅದು ತಿರುಗತೈತಿ. ಮೊದಲನೇದನ್ನ ಏರಿಸಿ ಮುಚ್ಚಳ ತೆಗೆದೆ. ಗುಂಡಗ, ನುಣ್ಣಗ ಇತ್ತು. ನೀ ಅದಕ್ಕ ಕಣ್ಣು ಅಂತಿ. ನನಗ ಹಣಿ ಕಂಡಂಗ ಕಂಡಿತು. ಗಾಜು ಮುಟ್ಟಬಾರದು ಅಂತ ನಮಗ ಹೇಳಿದ್ರು. ಹೊಲಸು ಕೈಯಿಂದ ಮುಟ್ಟಬಾರದು ಅಂತ ನಾ ತಿಳಕೊಂಡೆ. ಈಬತ್ತಿ ಹೊಲಸಲ್ಲ ಅಂತ ನೀ ಕಲಿಸಿದ್ದಿ. ಕೈ ತೊಳಕೊಂಡು ಬಂದು, ನಿನ್ನ ನೆನೆಸಿ, ಬೊಟ್ಟಿನಿಂದ ಅಡ್ಡ ಎಳೆದೆ.

ಅದು ಒಂದೇ ತಪ್ಪಿತು. ಗಡಿಬಿಡಿಯಾಗ ಉಳಿದವಕ್ಕ ಹಚ್ಚಿರಲಿಲ್ಲ, ಅವೆಲ್ಲ ಗುರಿ ಮುಟ್ಟಿದವು. ಅದಕ್ಕೇ ನನಗ ಅನುಮಾನ ಬಂದದ್ದು. ನಿನ್ನ ಪತ್ರ ಬಂದ ಮೇಲೆ ಅನುಮಾನ ಉಳೀಲಿಲ್ಲ.

ಎಲ್ಲೋ ಹೋಗಿ ಬಿತ್ತಂತ ಅಂತ ಬರೆದಿ. ಅಂದ್ರ ಎಲ್ಲಿ ಬಿತ್ತು ಅಂತ ನಿಮಗ ಹೇಳಿಲ್ಲ. ಬಿಟ್ಟು ನೋಡೋ ಮೈದಾನದ ಬೇಲಿಯಾಚೆ ಒಬ್ಬಾಕಿ ಮುದುಕಿ ಆಡು ಮೇಯಿಸಾಕತ್ತಿದ್ದಳು. ಆಡು ಸತ್ತವು. ಆಕಿ ಒಂದು ಕಾಲು ಮೊಣಕಾಲಿನ ಕೆಳಗ ತೆಗೆದಾರ. ಅವತ್ತು ಸ್ಟ್ರೆಚರ್ ಹಿಡಿದವರೊಳಗ ನಾನೂ ಒಬ್ಬ. ನನ್ನ ಹಣೆ ನೋಡಿ ಆಕಿ ನನ್ನ ಯಾರೋ ಬಾಬಾ ಅಂತ ತಿಳಿದು ಕೈ ಮುಗಿದಳು ಅವ್ವಾ. ಅವತ್ತಿನಿಂದ ನಾನು ಹಚ್ಚಿಲ್ಲ. ಯಾರೂ ನಕ್ಕಿಲ್ಲ, ನಾಚಿಕಿನೂ ಅಲ್ಲ.

ನಾ ಹಚ್ಚಿದ್ದನ್ನ ಸುಶಾಂತ ಸರ್ ಒಬ್ಬರು ನೋಡ್ಯಾರ. ಅವರು ತಡೀಬೇಕಿತ್ತು, ತಡೀಲಿಲ್ಲ, ಅದಕ್ಕ ಅವರಿಗೂ ಭಯ ಐತಿ. "ಬಾಯಿ ಬಿಡಬ್ಯಾಡ ಚನ್ನು. ಸೋವಿ ಸಾಮಾನು, ಕಂಪನಿ ಇನ್ನೊಂದು ಮಾಡಿ ಕೊಡತೈತಿ" ಅಂದ್ರು. ಪಂಡಿತಾ ಅನ್ನೋದು ಬಿಟ್ಟಾರ. ಅಲ್ಲಿ ಕಂಪನಿಯಾಗ ಯಾರದೋ ಕೆಲಸ ಹೋಗಬಹುದು, ಹೋಗಲಿ, ನಮಗ್ಯಾರು ಗೊತ್ತು ಅಂತ ನಾನೂ ಸುಮ್ಮನಾಗಿದ್ದೆ. ಅಲ್ಲಿ ನೀ ಇದ್ದಿ.

ಹೇಳಿದ್ರ ನೌಕರಿ ಹೋಗತೈತಿ. ಜೇಲೂ ಆಗಬಹುದು. ನಮ್ಮ ದೊಡ್ಡ ಸಾಹೇಬರು ಮಾರ್ಚ್ ಮೊದಲಿಗೆ ವರದಿಗೆ ಸಹಿ ಹಾಕತಾರ. ಆಮೇಲೆ ಹೇಳಿದ್ರೂ ಯಾರೂ ಕೇಳಾಂಗಿಲ್ಲ. ನೀ ಏನಂತಿ ಅದನ್ನ ಮಾಡತೀನಿ. ಸುಮ್ಮನಿರು ಅಂದ್ರ ಇರತೀನಿ.

ಚನ್ನು

•

ಅಬಿಡ್ಸ್ ದೊಡ್ಡ ಪೋಸ್ಟ್ ಆಫೀಸು
೨೭ ಫೆಬ್ರುವರಿ ೨೦೨೫, ಶಿವರಾತ್ರಿ ಮರುದಿನ

ಚನ್ನು, ನನ್ನಪ್ಪಾ,

ಶಂಶಾಬಾದಿನ ಡಬ್ಬಿ ಮ್ಯಾಲೆ ಭರವಸಿ ಹುಟ್ಟಲಿಲ್ಲ. ಎರಡು ಬಸ್ ಬದಲಿಸಿ ಇಲ್ಲಿಗೆ ಬಂದೀನಿ. ಲಗೂ ಮುಟ್ಟೋ ಟಪಾಲು ಯಾವುದು ಅಂತ ಕೇಳಿ, ಅಂಟು ಹಚ್ಚೂ ಮೇಜಿನ ಮುಂದ ನಿಂತು ಬರಿಯಾಕತ್ತೀನಿ. ವರದಿಗೆ ಸಹಿ ಬೀಳೂದ್ರಾಗ ಇದು ನಿನ್ನ ಕೈಗೆ ಬೀಳಬೇಕು.

ನಿನ್ನ ಕಾಗದ ಬಂದು ಐದಾರು ದಿನ ಆತು. ದಿನಾ ಪೆನ್ನು ಹಿಡದೆ, ದಿನಾ ಇಟ್ಟೆ. ನೀ ಏರಿಸೂದು ಗಂಟು, ಪೆಟ್ಟಿಗಿ ಅಂತ ನಾ ತಿಳಿದಿದ್ದೆ. ಹೆತ್ತಾಕಿ ಬಾಯಿಲೆ ಆಡಿದ ಶಾಪ ಅದು. ದೇವರ ಮುಂದ ಹೋಗಿ ಹೊಳ್ಳಿ ಕೊಡು ಅಂದೆ. ಕೊಟ್ಟನೋ ಇಲ್ಲೋ ನನಗ ಗೊತ್ತಾಗೂದಿಲ್ಲ. ನಿನ್ನ ಕೈ ನೆಟ್ಟಗ ಅದಾವೇನು? ಅದನ್ನ ಮೊದಲು ಬರಿ.

ನಿಮ್ಮಪ್ಪಗ ಓದಿ ಹೇಳಿದೆ. ಮುಚ್ಚಿಡಾಕ ಆಗಲಿಲ್ಲ. ಆ ಮನುಷ್ಯ ನಗಲಿಲ್ಲ. ಇರೂದು ಒಬ್ಬ ಮಗ, ಸುಮ್ಮನಿರು ಅಂತ ಬರಿ ಅಂದ. ನನಗೂ ಅದೇ ಬೇಕಾಗಿತ್ತು, ಸುಳ್ಳ್ಯಾಕ ಹೇಳಲಿ. ಹಂಗೇ ಬರದೂ ಇಟ್ಟಿದ್ದೆ. ಹಿಟ್ಟಿನ ಗುಂಡಿಗಿ ತಳಕ್ಕ ಮಡಚಿ ಇಟ್ಟಿದ್ದೆ.

ನಿನ್ನೆ ಶಿವರಾತ್ರಿ. ಉಪವಾಸ ಇದ್ದೆ. ಸಂಪದಾ ಕೂಸಿನ್ನ ಎತ್ತಿಕೊಂಡು ಬಂದಳು, ನನಗಂತ ಖರ್ಜೂರ ತಂದಿದ್ದಳು. ಕೂಸು ಭಾಳ ಇಳದು ಹೋಗೇತಿ. ಬ್ಯಾರೆ ಕೆಲಸ ಎಲ್ಲೂ ಹತ್ತಿಲ್ಲ, ಕಂಪನಿ ಹೆಸರು ಕೇಳಿದ ಕೂಡಲೇ ಬಾಗಿಲ ಹಾಕತಾರ ಅಂದಳು. ಅಷ್ಟರ ತನಕ ನಾ ತಡಕೊಂಡೆ. ಆಮ್ಯಾಲೆ ಕೂಸಿನ್ನ ನನ್ನ ಮಡಿಲಿಗೆ ಹಾಕಿ ಒಂದು ಮಾತು ಅಂದಳು.

"ಅವ್ವಾ, ನಾ ಒರಸಿದ್ದು ನನಗ ನೆನಪೈತಿ. ಬೆಳಕಿಗೆ ಹಿಡದು ನೋಡಿದ್ದೂ ನೆನಪೈತಿ. ಆದ್ರ ಎಲ್ಲಾರೂ ಅಂದು ಅಂದು, ನಾನೇ ಬಿಟ್ಟೆನೇನೋ ಅಂತ ಅನ್ನಿಸಾಕತ್ತೈತಿ."

ಪಗಾರ ಹೋದ್ರ ಬ್ಯಾರೆ ಕಡೆ ಹುಟ್ಟೀತು ಚನ್ನು. ತನ್ನ ಕೈಯಾಗಿನ ಕೆಲಸದ ಮ್ಯಾಲೆ ತನಗೇ ನಂಬಿಕಿ ಹೋದ್ರ ಆಕಿ ಏನು ಹಿಡಕೊಂಡು ಬದುಕತಾಳ? ನನ್ನ ಕೊರಳಾಗಿನ ಲಿಂಗ ಉಳಿಸಿಕೊಟ್ಟಾಕಿ. ನನ್ನ ಎದುರಿಗೆ ಕುಂತು, ತಪ್ಪು ನಂದೇ ಇರಬೇಕು ಅಂತಾಳ. ನಾ ಆಕಿ ಕೂಸಿನ್ನ ಎತ್ತಿಕೊಂಡು ಸುಮ್ಮನ ಕುಂತೀನಿ. ಆಕಿ ಹೋದ ಮ್ಯಾಲೆ ಗುಂಡಿಗಿ ತಳದಾಗಿನ ಕಾಗದ ತಗದು ಒಲಿಗೆ ಹಾಕಿದೆ. ನಿಮ್ಮಪ್ಪ ನೋಡಿದ. ಇವತ್ತು ಬಸ್ ಸ್ಟಾಪ್ ತನಕ ತಾನೇ ಬಂದು ಬಿಟ್ಟು ಹೋದ.

ಹೋಗು, ಹೇಳು. ದೊಡ್ಡ ಸಾಹೇಬರ ಮುಂದ ನಿಂತು, ಹಚ್ಚಿದಾವ ನಾ, ಹಚ್ಚು ಅಂದಾಕಿ ನಮ್ಮ ಅವ್ವ ಅಂತ ಎರಡೂ ಹೇಳು. ಒಂದೇ ಹೇಳಬ್ಯಾಡ. ಸುಶಾಂತ ಸರ್‌ಗೆ ಮೊದಲು ತಿಳಿಸಿ ಹೋಗು, ಹಿಂದಿಂದ ಹೇಳಿದಂಗ ಆಗಬಾರದು. ನೌಕರಿ ಹೋದ್ರ ಈ ಖೋಲ್ಯಾಗ ನಿನಗ ಜಾಗಾ ಐತಿ. ಜೇಲಾದ್ರ ಅಲ್ಲಿಗೆ ನಾ ಬರ್ತೀನಿ.

ನಾನು ಇಲ್ಲಿಂದ ನೆಟ್ಟಗ ಕಂಪನಿಗೆ ಹೊಂಟೀನಿ. ಸೂರ್ಯನಾರಾಯಣ ಸಾರ್‌ಗೆ ಭೆಟ್ಟಿ ಆಗಿ, ಆ ಬಿಳೇ ಪುಡಿ ನಮ್ಮ ಮನೀದು, ನಾನೇ ಕುಟ್ಟಿ ವಸ್ತ್ರಗಾಳ ಹಿಡದು ಕಳಿಸಿದ್ದು ಅಂತೀನಿ. ನಂಬಲಿಲ್ಲಂದ್ರ ತೋರಸಾಕ ಈಬತ್ತಿ ಗಟ್ಟಿ ಚೀಲದಾಗ ಐತಿ. ಈ ಸಲ ನಳದ ಕಡೆ ಹೋಗೂದಿಲ್ಲ. ಹಣಿ ಹೆಂಗೈತಿ ಹಂಗೇ ಅವರ ಮುಂದ ನಿಂದರತೀನಿ.

ಒಂದು ಮಾತು ನನಗ ಬಗೀ ಹರೀವಲ್ದು. ಈಬತ್ತಿ ಬಿದ್ದು ಆ ಕಣ್ಣು ಕುರುಡ ಆತು, ಒಬ್ಬಾಕಿ ಕಾಲು ಹೋತು. ನಾವು ಚೊಕ್ಕ ಒರಸಿದ್ದೂ ಒಂದಿನ ಎಲ್ಲರೆ ಹೋಗಿ ಬೀಳೂದೇ. ಎಲ್ಲಿ ನೋಡಬೇಕು ಅಂತ ಬೆಳಕು ಬಿಡೋರು ಬ್ಯಾರೆ ಅಂದಿ. ಕಣ್ಣು ಚೊಕ್ಕ ಇದ್ರ ಬ್ಯಾರೆಯವರಿಗೆ ತೊಂದ್ರಿ ಇಲ್ಲ ಅಂತ ಹಿಡಕೊಂಡು ಇಷ್ಟು ದಿನ ಒರಸಿದೆ. ಸಾಲಿನವರನ್ನೆಲ್ಲ ಹೊಳ್ಳಿ ತಗೊಂಡ್ರ ಅವರು ಹೋಗಲಿ, ಮಕ್ಕಳೊಂದಿಗರು. ನಾ ಹೋಗೂದಿಲ್ಲ.

ಕಾಗದದ ಜೋಡಿ ಚಿಟಿಕಿ ಈಬತ್ತಿ ಇಟ್ಟೀನಿ, ಜಾಸ್ತಿ ಇಲ್ಲ. ಸಾಹೇಬರ ಕಡೆ ಹೋಗೂಮುಂದ ನಿನ್ನ ಹಣಿಗೆ ಹಚ್ಚಿಕೋ. ಅದು ಇರೂದು ಮನುಷ್ಯಾರ ಹಣಿಗೆ ಚನ್ನು, ಬ್ಯಾರೆ ಯಾವುದರ ಹಣಿಗೂ ಅಲ್ಲ.

ಆಡು ಮೇಸೂವಾಕಿದು ಕಾಲು ಬರದಿ, ಕೈ ಮುಗದದ್ದೂ ಬರದಿ. ಹೆಸರು ಬರೀಲಿಲ್ಲ. ಆಸ್ಪತ್ರಿಗೆ ಹೋಗಿ ಕೇಳಿಕೊಂಡು ಬರಿ. ನಾಳಿಂದ ಪೂಜ್ಯಾಗ ನಿನ್ನಕಿಂತ ಮೊದಲು ಆಕಿ ಹೆಸರು ತಗೋಬೇಕಾಗೇತಿ.

ನಿನ್ನ ಅವ್ವ,
ಪಾರ್ವತೆಮ್ಮ